ಬಾವಿಯ ಕಡೆಯ ಮೂರನೆಯ ಗಿಡ: ಒಣಗುತ್ತಿದ್ದ ಆಪೂಸ್ ಮಾವನ್ನು ದುರಸ್ತಿ ಮಾಡಿದ ದಿನಚರಿ

ಧಾರವಾಡದ ಪಶ್ಚಿಮಕ್ಕೆ, ಕೆಂಪು ಮಣ್ಣಿನ ಇಳಿಜಾರಿನಲ್ಲಿ, ನಮ್ಮ ತಂದೆಯವರು 1986ರಲ್ಲಿ ನೆಟ್ಟ 11 ಆಪೂಸ್ ಮಾವಿನ ಗಿಡಗಳಿವೆ. ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದನ್ನು ಗಿಡವೆಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಬಾವಿಯ ಕಡೆಯಿಂದ ಎಣಿಸಿದರೆ ಮೂರನೆಯದಾಗಿ ನಿಂತಿರುವ ಗಿಡವು 2023ರ ಹಿಂಗಾರಿನಲ್ಲಿ ಸಾಯುವ ಲಕ್ಷಣ ತೋರಿಸಿತು. ಅದನ್ನು ಉಳಿಸಿಕೊಳ್ಳಲು ಮಾಡಿದ ಕೆಲಸ, ಆ ಕೆಲಸದಲ್ಲಿ ಆದ ತಪ್ಪುಗಳು ಮತ್ತು ಅದೇ ನೆಪದಲ್ಲಿ ತೋಟದ ಉಳಿದ ಎರಡು ಬೂಷ್ಟು ರೋಗಗಳನ್ನು ಎದುರಿಸಿದ ಬಗೆಯನ್ನು ನನ್ನ ಟಿಪ್ಪಣಿ ಪುಸ್ತಕದಿಂದ ತೆಗೆದು ಇಲ್ಲಿ ಬರೆದಿದ್ದೇನೆ.

ಅಕ್ಟೋಬರ್ 2023

ಆ ವರ್ಷದ ಮುಂಗಾರು ಕೈಕೊಟ್ಟಿತ್ತು. ಮೂರನೆಯ ಗಿಡದ ತುದಿಯ ಟೊಂಗೆಗಳಲ್ಲಿ ಎಲೆಗಳು ಅಂಚಿನಿಂದ ಮೇಲಕ್ಕೆ ಸುರುಳಿಗೊಂಡು, ಕಂದುಬಣ್ಣಕ್ಕೆ ತಿರುಗಿ, ಉದುರದೆ ಹಾಗೆಯೇ ನೇತಾಡುತ್ತಿದ್ದುದನ್ನು ಕಂಡಾಗ ನೀರಿನ ಕೊರತೆಯೇ ಕಾರಣವೆಂದು ತೀರ್ಮಾನಿಸಿ, 15 ದಿನಗಳಲ್ಲಿ ಮೂರು ಸಲ ಬುಡಕ್ಕೆ ನೀರು ಬಿಟ್ಟೆ. ಬರದಲ್ಲಿ ಸೊರಗಿದ ಗಿಡದ ಎಲೆಗಳು ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಸಮನೆ ಬಾಡುತ್ತವೆ. ಇಲ್ಲಿ ಒಂದು ಟೊಂಗೆ ಪೂರ್ತಿ ಒಣಗಿದ್ದರೆ ಅದರ ಪಕ್ಕದ್ದು ಹಸಿರಾಗಿಯೇ ಇತ್ತು. ಈ ವ್ಯತ್ಯಾಸ ಕಣ್ಣಿಗೆ ಬಿದ್ದಿದ್ದರೂ ಅದರ ಅರ್ಥವನ್ನು ನಾನು ವಿಚಾರಿಸಲಿಲ್ಲ. ನಮ್ಮ ತೋಟದಲ್ಲಿ ಬಹಳ ವರ್ಷಗಳಿಂದ ದುಡಿಯುತ್ತಿರುವ, ನಾವು ಕಾಕಾ ಎಂದು ಕರೆಯುವ ಹಿರಿಯರು ಮಾತ್ರ ಬಂದು ನೋಡಿ, "ತಮ್ಮಾ, ಇದು ನೀರಿನ ಬ್ಯಾನಿ ಅಲ್ಲ, ಟೊಂಗಿ ಒಳಗ ಏನೋ ಹೊಕ್ಕೇತಿ" ಎಂದು ಹೇಳಿ ಹೋದರು.

ನವೆಂಬರ್ 2023

ಕಾಕಾ ಅವರ ಮಾತು ಕೇಳಿ ಮೊದಲು ಕಾಂಡ ಕೊರೆಯುವ ಹುಳುವಿನ ಶಂಕೆ ಬಂತು. ಆ ಹುಳು ಹೊಕ್ಕಿದ್ದರೆ ತೊಗಟೆಯಲ್ಲಿ ರಂಧ್ರವೂ ಅದರ ಕೆಳಗೆ ಕಟ್ಟಿಗೆಯ ಪುಡಿಯೂ ಕಾಣಬೇಕು. ಬುಡದಿಂದ ಕವಲಿನವರೆಗೆ ಹುಡುಕಿದರೂ ಎರಡೂ ಸಿಗಲಿಲ್ಲ. ಬದಲಿಗೆ ಒಣಗಿದ ಟೊಂಗೆಗಳ ಬುಡದಲ್ಲಿ ಅಲ್ಲಲ್ಲಿ ಜೇನುಬಣ್ಣದ ಅಂಟು ಒಸರಿ ಗಟ್ಟಿಯಾಗಿತ್ತು. ಸತ್ತ ಕಡ್ಡಿಗಳ ತೊಗಟೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಗುಳ್ಳೆಗಳಿದ್ದವು.

ಹೆಬ್ಬೆರಳು ದಪ್ಪದ ಒಂದು ಟೊಂಗೆಯನ್ನು ಕತ್ತರಿಸಿ, ಕುಡುಗೋಲಿನಿಂದ ಉದ್ದಕ್ಕೆ ಸೀಳಿ ನೋಡಿದಾಗ ವಿಷಯ ತಿಳಿಯಿತು. ತೊಗಟೆಯ ಒಳಗಿನ ಬಿಳಿಯ ಕಟ್ಟಿಗೆಯಲ್ಲಿ ಕಂದುಬಣ್ಣದ ಗೆರೆಗಳು ತುದಿಯಿಂದ ಬುಡದತ್ತ ಇಳಿದಿದ್ದವು. ಹೊರಗೆ ತೊಗಟೆ ಹಸಿರಾಗಿದ್ದ ಭಾಗದಲ್ಲಿಯೂ ಒಳಗೆ ಆ ಗೆರೆ ಒಂದು ಗೇಣಿನಷ್ಟು ಮುಂದುವರಿದಿತ್ತು. ಇದು ಮಾವಿನಲ್ಲಿ ತುದಿಯಿಂದ ಟೊಂಗೆ ಒಣಗಿಸುತ್ತಾ ಬರುವ ರೋಗ. ಇದನ್ನು ತರುವ ಶಿಲೀಂಧ್ರದ ಹೆಸರು ಲೇಸಿಯೊಡಿಪ್ಲೋಡಿಯಾ ಥಿಯೊಬ್ರೋಮೆ. ಹಳೆಯ ಪುಸ್ತಕಗಳಲ್ಲಿ ಬೊಟ್ರಿಯೊಡಿಪ್ಲೋಡಿಯಾ ಎಂದಿರುತ್ತದೆ. ಆರೋಗ್ಯವಾಗಿರುವ ಗಿಡದ ಗಟ್ಟಿ ತೊಗಟೆಯನ್ನು ಭೇದಿಸುವ ಶಕ್ತಿ ಇದಕ್ಕೆ ಅಷ್ಟಾಗಿ ಇಲ್ಲ. ಕಾಯಿ ಕೀಳುವಾಗ ಮುರಿದ ಕಡ್ಡಿ, ಬಿಸಿಲಿಗೆ ಬಿರಿದ ತೊಗಟೆ, ಹುಳು ಕೊರೆದ ತೂತು, ಕೊಡಲಿಯ ಏಟು, ಹೀಗೆ ಯಾವುದಾದರೊಂದು ಗಾಯದ ಮೂಲಕ ಒಳಗೆ ಸೇರಿ, ಗಿಡವು ಬರದಿಂದಲೋ ಗೊಬ್ಬರದ ಕೊರತೆಯಿಂದಲೋ ದುರ್ಬಲವಾದ ಹೊತ್ತಿಗಾಗಿ ಕಾಯುತ್ತದೆ. ಮಳೆಯಿಲ್ಲದ ವರ್ಷವು ರೋಗವನ್ನು ತಂದಿರಲಿಲ್ಲ, ಒಳಗಿದ್ದ ರೋಗಕ್ಕೆ ದಾರಿ ಬಿಟ್ಟುಕೊಟ್ಟಿತ್ತು ಅಷ್ಟೆ. ಕೊಯ್ಲಿನಲ್ಲಿ ಟೊಂಗೆಗಳನ್ನು ಬಗ್ಗಿಸಿ ಮುರಿದವರಲ್ಲಿ ನಾನೂ ಒಬ್ಬನಾದ್ದರಿಂದ ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಡಿಸೆಂಬರ್ 2023

ಕಾಯಿಲೆಯ ಟೊಂಗೆಗಳನ್ನು ಒಣಹವೆಯಲ್ಲಿ ಕತ್ತರಿಸುವುದು ಮೇಲು, ಏಕೆಂದರೆ ಆ ಕಪ್ಪು ಗುಳ್ಳೆಗಳೊಳಗಿನ ಬೀಜಕಣಗಳು ಹೊರಬರುವುದೂ ಹರಡುವುದೂ ಮುಖ್ಯವಾಗಿ ಮಳೆಯ ಹನಿಗಳಿಂದ. ಕೈಗರಗಸ, ಉದ್ದ ಹಿಡಿಕೆಯ ಕತ್ತರಿ, ಬಿದಿರಿನ ಏಣಿ, ಸ್ಪಿರಿಟ್ ತುಂಬಿದ ಬಾಟಲಿ ಮತ್ತು ಒಂದು ಹಳೆಯ ಧೋತರದ ತುಂಡು, ಇವಿಷ್ಟು ಸಲಕರಣೆ. ಪ್ರತಿ ಟೊಂಗೆ ಕತ್ತರಿಸಿದ ನಂತರ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಇದು ಬೇಸರದ ಕೆಲಸವೇ ಸರಿ, ಆದರೆ ಒರೆಸದ ಗರಗಸವು ರೋಗವನ್ನು ಒಂದು ಟೊಂಗೆಯಿಂದ ಇನ್ನೊಂದಕ್ಕೆ ನಾವೇ ಕೈಯಾರೆ ದಾಟಿಸಿದಂತೆ.

ದೊಡ್ಡ ಟೊಂಗೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅದು ತನ್ನ ಭಾರಕ್ಕೆ ಬೀಳುವಾಗ ಕೆಳಗಿನ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಹೋಗುತ್ತದೆ. ಆದ್ದರಿಂದ ಮೊದಲು ಬುಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಟೊಂಗೆಯ ದಪ್ಪದ ಮೂರನೆಯ ಒಂದು ಪಾಲು ಕೊಯ್ದು, ಅದರ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ತುಂಡನ್ನು ಕವಲಿನ ಬಳಿಯ ಉಬ್ಬಿಗೆ ತಾಗದಂತೆ ಕೊನೆಗೆ ತೆಗೆದೆ. ಆ ಉಬ್ಬಿನಿಂದಲೇ ಹೊಸ ತೊಗಟೆ ಬೆಳೆದು ಗಾಯವನ್ನು ಮುಚ್ಚಬೇಕಾದ್ದರಿಂದ ಅದನ್ನು ಕಾಂಡದ ಸಮಕ್ಕೆ ಕೆತ್ತಿಹಾಕುವುದು ಗಿಡಕ್ಕೆ ಮಾಡುವ ಅಪಕಾರ. ಗಾಯದ ಮೇಲೆ ನೀರು ನಿಲ್ಲದಂತೆ ಓರೆಯಾಗಿ ಕೊಯ್ದದ್ದಂತೂ ಸರಿಯಾಗಿತ್ತು.

ತಪ್ಪಾದದ್ದು ಕೊಯ್ಯುವ ಜಾಗದ ಆಯ್ಕೆಯಲ್ಲಿ. ಹಸಿರು ಎಲೆಯಿರುವ ಟೊಂಗೆಯನ್ನು ಕಳೆದುಕೊಳ್ಳಲು ಮನಸ್ಸಾಗದೆ, ಒಣಗಿದ ಭಾಗವೂ ಹಸಿಯ ಭಾಗವೂ ಕೂಡುವ ಗಡಿಯಲ್ಲಿಯೇ 14 ಟೊಂಗೆಗಳನ್ನು ಕತ್ತರಿಸಿದೆ. ಸೀಳಿ ನೋಡಿದಾಗ ಕಂಡ ಒಂದು ಗೇಣಿನ ಕಂದು ಗೆರೆಯನ್ನು ಆ ಹೊತ್ತಿನಲ್ಲಿ ಮರೆತೇಬಿಟ್ಟಿದ್ದೆ.

ಬೋರ್ಡೋ ಮುಲಾಮು ತಯಾರಿಸಿದ್ದು

ಕತ್ತರಿಸಿದ ಗಾಯಕ್ಕೆ ಹಚ್ಚಲು ಬೋರ್ಡೋ ಮುಲಾಮು ಬೇಕು. 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟಿನ ನೀಲಿ ಹರಳು), 1 ಕಿಲೊ ಸುಣ್ಣ, 10 ಲೀಟರ್ ನೀರು, ಇದು ಮುಲಾಮಿನ ಅಳತೆ. ಅದೇ ಸಾಮಗ್ರಿಗೆ 100 ಲೀಟರ್ ನೀರಾದರೆ ಸಿಂಪಡಿಸುವ ಶೇಕಡಾ 1ರ ದ್ರಾವಣವಾಗುತ್ತದೆ. ನನಗೆ ಬೇಕಾದದ್ದು ಅರ್ಧ ಅಳತೆಯ ಮುಲಾಮು ಮಾತ್ರ.

ಮೈಲುತುತ್ತದ ಹರಳುಗಳನ್ನು ನೀರಿನ ತಳಕ್ಕೆ ಸುರಿದರೆ ಅವು ಅಲ್ಲಿಯೇ ಕುಳಿತು ಕರಗಲು ಸತಾಯಿಸುತ್ತವೆ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಮೇಲ್ಮಟ್ಟಕ್ಕೆ ತಾಗುವಂತೆ ಕೋಲಿಗೆ ತೂಗುಬಿಟ್ಟರೆ, ಕರಗಿದ ಭಾರವಾದ ನೀಲಿ ನೀರು ತಾನಾಗಿ ಕೆಳಗಿಳಿದು ಹೊಸ ನೀರು ಹರಳಿಗೆ ತಾಗುತ್ತಾ, ಬೆಳಗಾಗುವಷ್ಟರಲ್ಲಿ ಗಂಟು ಖಾಲಿಯಾಗಿರುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಬೇಕು. ಕಬ್ಬಿಣದ ಬಕೆಟ್ಟಿನಲ್ಲಿ ತಾಮ್ರವೆಲ್ಲ ಬಕೆಟ್ಟಿಗೇ ಅಂಟಿಕೊಳ್ಳುತ್ತದೆ. ಇನ್ನೊಂದು ಪಾತ್ರೆಯಲ್ಲಿ ಸುಣ್ಣವನ್ನು ಕದಡಿ, ಬಟ್ಟೆಯಲ್ಲಿ ಸೋಸಿ, ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಮರದ ಕೋಲಿನಿಂದ ಕಲಕಬೇಕು. ಆಗ ಆಕಾಶದ ಬಣ್ಣದ ನುಣುಪಾದ ಮುಲಾಮು ಬರುತ್ತದೆ.

ನನ್ನ ಮೊದಲ ಮುಲಾಮು ಹಸಿರು ಛಾಯೆಗೆ ತಿರುಗಿತು. ಉಜ್ಜಿ ಹೊಳಪಿಸಿದ ಕಬ್ಬಿಣದ ಮೊಳೆಯನ್ನು ಅದರಲ್ಲಿ ಅದ್ದಿ ಒಂದು ನಿಮಿಷ ಬಿಟ್ಟು ತೆಗೆದಾಗ ಮೊಳೆಯ ಮೇಲೆ ಕೆಂಪು ಲೇಪ ಕುಳಿತಿತ್ತು. ಸುಣ್ಣ ಸಾಲದೆ ತಾಮ್ರ ಬಿಡಿಯಾಗಿ ಉಳಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಆ ಬಿಡಿ ತಾಮ್ರವು ಎಳೆಯ ತೊಗಟೆಯನ್ನೂ ಚಿಗುರನ್ನೂ ಸುಡುತ್ತದೆ. ಅಳತೆ ಸರಿಯಿದ್ದರೂ ಹೀಗಾಗಲು ಕಾರಣ ಸುಣ್ಣ ಹಳೆಯದಾಗಿದ್ದುದು. ಮನೆಗೆ ಸುಣ್ಣ ಬಳಿಯಲು ತಂದು ಒಂದು ವರ್ಷ ಚೀಲದ ಬಾಯಿ ತೆರೆದೇ ಇಟ್ಟಿದ್ದ ಪುಡಿ ಅದು. ಸುಣ್ಣ ಗಾಳಿಗೆ ಬಿದ್ದು ದಿನ ಕಳೆದಂತೆ ಇಂಗಾಲದ ಡೈಆಕ್ಸೈಡನ್ನು ಹೀರಿ ಬರಿಯ ಸೀಮೆಸುಣ್ಣದಂಥ ಪುಡಿಯಾಗುತ್ತದೆ, ತೂಕವಿದ್ದರೂ ಕಸುವಿರುವುದಿಲ್ಲ. ಮರುದಿನ ಹೊಸದಾಗಿ ಸುಟ್ಟ ಕಲ್ಲುಸುಣ್ಣ ತಂದು, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿದಾಗ ಅದು ಬುಸುಗುಟ್ಟಿ ಕುದಿಯಿತು. ಅರಳಿಸುವವರು ಮುಖವನ್ನು ದೂರವಿಟ್ಟುಕೊಳ್ಳಬೇಕು, ಕಣ್ಣಿಗೆ ಸಿಡಿದರೆ ಅಪಾಯ. ಆ ಸುಣ್ಣದಲ್ಲಿ ಮಾಡಿದ ಮುಲಾಮಿನಲ್ಲಿ ಮೊಳೆ ಬೆಳ್ಳಗೇ ಉಳಿಯಿತು. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು. ರಾತ್ರಿ ಕಳೆದ ಬೋರ್ಡೋ ತಳ ಕಂಡು ಅಂಟುವ ಗುಣ ಕಳೆದುಕೊಳ್ಳುತ್ತದೆ.

ಈ ಮದ್ದಿನ ಇತಿಹಾಸವೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದ. ನಮ್ಮ ನಾಡಿಗೆ ಸಂಬಂಧಿಸಿದ ಕೊಂಡಿಯೆಂದರೆ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಬೋರ್ಡೋ ಹೊಡೆಯುವ ಪದ್ಧತಿಯನ್ನು ರೂಢಿಗೆ ತಂದವರು ಅವರೇ. ಕೊಳೆರೋಗ ಎಂಬ ನಮ್ಮ ಪದವೇ ಇಂಗ್ಲಿಷಿನ ಸಸ್ಯರೋಗಶಾಸ್ತ್ರದಲ್ಲಿಯೂ ನೆಲೆ ನಿಂತಿದೆ. ಅಡಿಕೆಯ ಸೀಮೆಯಲ್ಲಿ ಮನೆಮನೆಯ ವಿದ್ಯೆಯಾಗಿರುವ ಈ ದ್ರಾವಣವನ್ನು ಮಾವಿನ ಸೀಮೆಯವರಾದ ನಾವು ಅಂಗಡಿಯ ಪೊಟ್ಟಣಗಳ ಭರಾಟೆಯಲ್ಲಿ ಮರೆತದ್ದು ವಿಚಿತ್ರವೆನಿಸುತ್ತದೆ.

ಕಾಕಾ ಅವರು ಗಾಯಕ್ಕೆ ಕೆಮ್ಮಣ್ಣು ಮತ್ತು ಸಗಣಿ ಕಲಸಿ ಮೆತ್ತುವುದೇ ಒಳ್ಳೆಯದೆಂದು ಪಟ್ಟು ಹಿಡಿದರು. ಅವರ ಮಾತಿಗೂ ಬೆಲೆ ಕೊಟ್ಟು ಎರಡು ಗಾಯಗಳನ್ನು ಅವರಿಗೆ ಬಿಟ್ಟುಕೊಟ್ಟೆ. ಇನ್ನೊಬ್ಬ ಪರಿಚಿತರು ಹೇಳಿದ ಡಾಂಬರನ್ನು ಮಾತ್ರ ಹತ್ತಿರಕ್ಕೂ ತರಲಿಲ್ಲ. ಅದು ಜೀವಂತ ತೊಗಟೆಯನ್ನೇ ಸುಡುವಂಥದ್ದು.

ಜನವರಿ 2024

ಹೂ ಬರುವ ಕಾಲ. ಹಗಲು ಬೆಚ್ಚಗೆ, ರಾತ್ರಿ ಚಳಿ, ಬೆಳಿಗ್ಗೆ ಮೋಡ. ಹಿಂದಿನ ಎರಡು ವರ್ಷ ಇದೇ ಹವೆಯಲ್ಲಿ ಹೂಗೊಂಚಲುಗಳಿಗೆ ಬೂದಿ ರೋಗ ಬಂದು, ಹಿಟ್ಟು ಉದುರಿಸಿದಂತೆ ಬೆಳ್ಳಗಾಗಿ, ಸಾಸಿವೆ ಗಾತ್ರದ ಮಿಡಿಗಳೆಲ್ಲ ಉದುರಿದ್ದವು. ಮಳೆ ಬಿದ್ದರೆ ಬೂಷ್ಟು ಬರುತ್ತದೆ, ಮಳೆಯಿಲ್ಲದಿದ್ದರೆ ಇಲ್ಲ ಎಂಬ ಸರಳ ಲೆಕ್ಕದಲ್ಲಿ ನಾನು ಆಕಾಶ ನೋಡುತ್ತಾ ಕುಳಿತಿದ್ದೇ ಆ ನಷ್ಟಕ್ಕೆ ಕಾರಣ. ಒಯ್ಡಿಯಮ್ ಎಂಬ ಈ ಬೂದಿಯ ಶಿಲೀಂಧ್ರಕ್ಕೆ ಮೊಳೆಯಲು ನೀರಿನ ಹನಿ ಬೇಕಾಗಿಲ್ಲ. ಅದರ ಬೀಜಕಣವು ಗಾಳಿಯಲ್ಲಿ ಹಾರಿ ಬಂದು, ತನ್ನೊಳಗಿನ ತೇವದಿಂದಲೇ ಒಣ ಹೂವಿನ ಮೇಲೆ ಬೇರೂರಬಲ್ಲದು.

ಈ ಸಲ ಗೊಂಚಲು 3 ಇಂಚು ಉದ್ದವಿರುವಾಗ, ಹೂ ಅರಳುವ ಮೊದಲೇ, ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಿದೆ. ಔಷಧ ಸಿಂಪಡಿಸುವುದಕ್ಕೆ ನಮ್ಮಲ್ಲಿ ಎಣ್ಣೆ ಹೊಡೆಯುವುದು ಎನ್ನುತ್ತಾರೆ, ಔಷಧದಲ್ಲಿ ಎಣ್ಣೆಯ ಪಸೆಯೇ ಇಲ್ಲದಿದ್ದರೂ ಸರಿ. ಒಂದು ಗಿಡಕ್ಕೆ ಸುಮಾರು 12 ಲೀಟರ್ ಹಿಡಿಯಿತು, 11 ಗಿಡಗಳಿಗೆ 400 ಗ್ರಾಂ ಗಂಧಕ ಸಾಕಾಯಿತು. ಗಂಧಕವನ್ನು ಬಿರುಬಿಸಿಲಿನಲ್ಲಿ ಹೊಡೆದರೆ ಎಲೆ ಮತ್ತು ಹೂ ಸುಡುವುದರಿಂದ ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿದೆವು. ಹೂ ಪೂರ್ತಿ ಅರಳಿದ ದಿನಗಳಲ್ಲಿ ಪಂಪನ್ನು ಮುಟ್ಟಲಿಲ್ಲ, ಮಾವಿನ ಪರಾಗಸ್ಪರ್ಶ ಮಾಡುವ ನೊಣಗಳೂ ಜೇನುಗಳೂ ಆಗಲೇ ಬರುವುದು. ಮಿಡಿ ಕಚ್ಚಿದ ನಂತರ ಹೆಕ್ಸಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 1 ಮಿಲಿಯಂತೆ ಒಂದು ಸಲ ಹೊಡೆದು ನಿಲ್ಲಿಸಿದೆ. ಒಂಬತ್ತು ಗಿಡಗಳಲ್ಲಿ ಗೊಂಚಲು ಹಸಿರಾಗಿಯೇ ಉಳಿಯಿತು. ಎತ್ತರಕ್ಕೆ ಪಂಪಿನ ಕೋಲು ಮುಟ್ಟದಿದ್ದ ಎರಡು ಗಿಡಗಳ ನೆತ್ತಿಯಲ್ಲಿ ಬೂದಿ ಕಂಡಿತು.

ಫೆಬ್ರವರಿ 2024

ಮೂರನೆಯ ಗಿಡದ ಬಳಿ ಹೋದಾಗ, ಡಿಸೆಂಬರಿನಲ್ಲಿ ಕತ್ತರಿಸಿದ 14 ಟೊಂಗೆಗಳ ಪೈಕಿ 9 ಮತ್ತೆ ಒಣಗಿ ಕೆಳಗಿಳಿದಿದ್ದವು. ಮುಲಾಮು ಮಾತ್ರ ನೀಲಿಯಾಗಿ, ಬಿರುಕಿಲ್ಲದೆ, ಸತ್ತ ಕಟ್ಟಿಗೆಯ ಮೇಲೆ ಅಚ್ಚುಕಟ್ಟಾಗಿ ಕುಳಿತಿತ್ತು. ಒಳಗಿರುವ ರೋಗವನ್ನು ಹೊರಗಿನ ಲೇಪ ಹೇಗೆ ತಾನೆ ನಿಲ್ಲಿಸೀತು? ಬೋರ್ಡೋ ಹೊಸ ಬೀಜಕಣಗಳು ಒಳಹೋಗದಂತೆ ತಡೆಯುತ್ತದೆಯೇ ಹೊರತು ಕಟ್ಟಿಗೆಯೊಳಗೆ ಇಳಿದು ಕೆಲಸ ಮಾಡುವುದಿಲ್ಲ.

ಎರಡನೆಯ ಸಲ ಕಣ್ಣನ್ನು ತೊಗಟೆಯ ಮೇಲಿಡದೆ ಕೊಯ್ದ ಮುಖದ ಮೇಲಿಟ್ಟೆ. ಒಂದು ಗೇಣು ಕೊಯ್ಯುವುದು, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡುವುದು, ಕಂದು ಚುಕ್ಕೆ ಕಂಡರೆ ಇನ್ನೊಂದು ಗೇಣು ಕೆಳಗೆ ಕೊಯ್ಯುವುದು. ಮುಖವೆಲ್ಲ ಬೆಳ್ಳಗೆ ಶುಭ್ರವಾಗಿ ಕಂಡ ಮೇಲೆಯೂ 3 ಇಂಚು ಕೆಳಗೆ ಕೊನೆಯ ಕೊಯ್ತ. ಹೀಗೆ ಮಾಡಿದಾಗ ಪೂರ್ವದಿಕ್ಕಿನ ತೊಡೆಯ ಗಾತ್ರದ ಒಂದು ಕವಲನ್ನೇ ಕಳೆದುಕೊಳ್ಳಬೇಕಾಯಿತು. ಆ ಕವಲಿನಲ್ಲಿ ಅರ್ಧಕ್ಕರ್ಧ ಹೂ ಇತ್ತು. ಏಣಿಯ ಮೇಲೆ ನಿಂತು ಗರಗಸ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದೆ. ಕೆಳಗಿನಿಂದ ಕಾಕಾ, "ಕೊಯ್ಯೋದಾದ್ರ ಕೊಯ್ಯಿ, ಇಲ್ಲಾ ಇಳಿ" ಎಂದರು.

ಆ ಕವಲು ಹೋದದ್ದರಿಂದ ಇಷ್ಟು ವರ್ಷ ನೆರಳಿನಲ್ಲಿದ್ದ ಒಳಗಿನ ಟೊಂಗೆಗಳ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳತೊಡಗಿತು. ಬಿಸಿಲಿಗೆ ಸುಟ್ಟು ಬಿರಿದ ತೊಗಟೆಯೇ ಈ ಶಿಲೀಂಧ್ರಕ್ಕೆ ಹೊಸ ಬಾಗಿಲಾಗುವುದರಿಂದ, ಬಿಸಿಲು ತಾಗುವ ಟೊಂಗೆಗಳ ಮೇಲ್ಭಾಗಕ್ಕೂ ಕಾಂಡಕ್ಕೂ ತೆಳುವಾಗಿ ಸುಣ್ಣ ಬಳಿದೆ. ಕತ್ತರಿಸಿದ ಕಟ್ಟಿಗೆಯನ್ನು ಗಿಡದ ಕೆಳಗೆ ರಾಶಿ ಹಾಕಲಿಲ್ಲ. ಸತ್ತ ಕಡ್ಡಿಯ ಮೇಲೂ ಕಪ್ಪು ಗುಳ್ಳೆಗಳು ಬದುಕಿದ್ದು, ಮೊದಲ ಮಳೆಗೆ ಬೀಜಕಣಗಳನ್ನು ಉಗುಳುತ್ತವೆ. ಎಲ್ಲವನ್ನೂ ಯುಗಾದಿಯೊಳಗೆ ಹಂಡೆಯ ಒಲೆಗೆ ಹಾಕಿ ಮುಗಿಸಿದೆವು.

ನೀರಿನ ವಿಷಯದಲ್ಲಿಯೂ ಪದ್ಧತಿ ಬದಲಾಯಿಸಿದೆ. ಬುಡಕ್ಕೆ ನೀರು ನಿಲ್ಲಿಸುವ ಬದಲು ಟೊಂಗೆಗಳ ಹರವು ಮುಗಿಯುವಲ್ಲಿ ವೃತ್ತಾಕಾರದ ಕಾಲುವೆ ತೋಡಿ, ಒಣ ಎಲೆ ಮತ್ತು ಹುಲ್ಲಿನ ಹೊದಿಕೆ ಹಾಸಿದೆ. ಹೀರುವ ಬೇರುಗಳು ಹೆಚ್ಚಾಗಿರುವುದು ಅಲ್ಲಿಯೇ.

ಏಪ್ರಿಲ್, ಮೇ 2024

ಭರಣಿ ಮಳೆ ಬಂದರೆ ಧರಣಿ ಬದುಕುತ್ತದೆ ಎನ್ನುವುದು ಹೊಲದವರ ಮಾತು. ಕಾಯಿ ಬಲಿಯುತ್ತಿರುವ ಮಾವಿನ ತೋಟದವನಿಗೆ ಅದೇ ಮಳೆ ಚಿಬ್ಬು ರೋಗದ ಕರೆ. ಇದರ ಶಿಲೀಂಧ್ರವಾದ ಕೊಲೆಟೊಟ್ರೈಕಮ್‌ನ ನಡತೆ ಬೂದಿಯದಕ್ಕೆ ತದ್ವಿರುದ್ಧವಾದದ್ದು: ಒಣ ಕಡ್ಡಿ, ಒಣ ಎಲೆಗಳಲ್ಲಿ ಕುಳಿತ ಇದರ ಬೀಜಕಣಗಳು ಹನಿಯ ಜೊತೆಗೇ ಜಾರಿ ಕಾಯಿಗೆ ಇಳಿಯುತ್ತವೆ. ಮಳೆನೀರು ಹರಿದ ದಾರಿಯಲ್ಲಿಯೇ ತೊಟ್ಟಿನಿಂದ ಕೆಳಗೆ ಕಣ್ಣೀರಿನ ಗೆರೆಯಂತೆ ಕಪ್ಪು ಕಲೆ ಮೂಡುವುದು ಅದಕ್ಕಾಗಿ. ಎಳೆಯ ಕಾಯಿಯ ಸಿಪ್ಪೆಯೊಳಗೆ ಹೊಕ್ಕು ಸದ್ದಿಲ್ಲದೆ ಮಲಗಿ, ಹಣ್ಣಾಗುವಾಗ ಎದ್ದು ಕಪ್ಪು ಚುಕ್ಕೆಯಾಗುತ್ತದೆ. ಗಿಡದಲ್ಲಿ ಚೆಂದವಾಗಿದ್ದ ಕಾಯಿ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮೇಲೆ ಕೊಳೆಯುವುದು ಇದೇ ಕಾರಣಕ್ಕೆ.

ಕೊಯ್ಲು ಹತ್ತಿರವಿದ್ದುದರಿಂದ ಯಾವ ಔಷಧವನ್ನೂ ಹೊಡೆಯದೆ ಬಿಸಿನೀರಿನ ಉಪಾಯವನ್ನು ಹಿಡಿದೆ. ಕೊಯ್ದ ದಿನವೇ ಕಾಯಿಗಳನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ 10 ನಿಮಿಷ ಮುಳುಗಿಸಿ ತೆಗೆದು ನೆರಳಿನಲ್ಲಿ ಆರಿಸುವುದು. ಬಚ್ಚಲಿನ ಹಂಡೆಯಲ್ಲಿ ಕೈಯ ಅಂದಾಜಿನ ಮೇಲೆ ಮಾಡಿದ ಮೊದಲ ಸರದಿಯ ಕಾಯಿಗಳು ಬೆಂದು, ಸಿಪ್ಪೆ ಕಂದಿ, ಉಪ್ಪಿನಕಾಯಿಗೂ ಬಾರದಂತಾದವು. ಉಷ್ಣಮಾಪಕ ತಂದ ಮೇಲೆ ಗೊತ್ತಾದದ್ದೇನೆಂದರೆ, ತಣ್ಣನೆಯ ಕಾಯಿ ಹಾಕಿದೊಡನೆ ನೀರು 4 ಡಿಗ್ರಿ ಇಳಿಯುತ್ತದೆ, ಗಾಬರಿಯಾಗಿ ಉರಿ ಹೆಚ್ಚಿಸಿದರೆ ಎಲ್ಲೆ ಮೀರುತ್ತದೆ. 50 ಲೀಟರ್ ನೀರಿಗೆ ಒಂದು ಸಲಕ್ಕೆ 10 ಕಿಲೊ ಕಾಯಿ ಮಾತ್ರ ಹಾಕಿ, ಪಕ್ಕದಲ್ಲಿ ಕುದಿಯುವ ನೀರಿನ ಕೊಡವಿಟ್ಟುಕೊಂಡು ಚೊಂಬಿನಿಂದ ಬೆರೆಸುತ್ತಾ ನಿಂತರೆ ಬಿಸಿ ಹದವಾಗಿ ನಿಲ್ಲುತ್ತದೆ. ಬಿಸಿನೀರು ಕಂಡ ಕಾಯಿಗಳು ಹಣ್ಣಾದಾಗ ಚುಕ್ಕೆ ಕಣ್ಣಿಗೆ ಕಾಣುವಷ್ಟು ಕಡಿಮೆಯಿತ್ತು, ಬಣ್ಣವೂ ಒಂದೇ ಸಮನಾಗಿ ಬಂತು.

ಜೂನ್ 2024ರಿಂದ

ಕೊಯ್ಲು ಮುಗಿದ ವಾರದಲ್ಲಿಯೇ, ಮೃಗಶಿರ ಮಳೆ ಹಿಡಿಯುವ ಮೊದಲು, ಮುರಿದ ಕಡ್ಡಿಗಳನ್ನೆಲ್ಲ ಕತ್ತರಿಸಿ ಶೇಕಡಾ 1ರ ಬೋರ್ಡೋವನ್ನು ಎಲ್ಲ ಗಿಡಗಳಿಗೂ ಹೊಡೆದೆವು. ಗಿಡವೊಂದಕ್ಕೆ 50 ಕಿಲೊ ಕೊಟ್ಟಿಗೆ ಗೊಬ್ಬರ ಕೊಟ್ಟೆವು. ಕಾಯಿ ಕೀಳಲು ಟೊಂಗೆ ಬಗ್ಗಿಸುವುದನ್ನು ನಿಲ್ಲಿಸಿ, ತುದಿಯಲ್ಲಿ ಬ್ಲೇಡು ಮತ್ತು ಬಲೆಯಿರುವ ಕೋಲನ್ನು ಬಳಸತೊಡಗಿದೆವು. ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಬೋರ್ಡೋ ಆಯಿತು.

ಅಕ್ಟೋಬರಿನಲ್ಲಿ ಮೂರನೆಯ ಗಿಡದ ಗಾಯಗಳನ್ನು ಒಂದೊಂದಾಗಿ ನೋಡಿದೆ. ಫೆಬ್ರವರಿಯಲ್ಲಿ ಬಿಳಿಯ ಕಟ್ಟಿಗೆಯವರೆಗೆ ಇಳಿದು ಕೊಯ್ದ 9 ಟೊಂಗೆಗಳಲ್ಲಿ 8ರ ಅಂಚಿನಿಂದ ಹೊಸ ತೊಗಟೆ ತುಟಿಯಂತೆ ಉಬ್ಬಿ ಒಳಮುಖವಾಗಿ ಬೆಳೆದಿತ್ತು, ಅವುಗಳ ಕೆಳಗೆ ತಾಮ್ರವರ್ಣದ ಚಿಗುರೊಡೆದಿತ್ತು. ಕಾಕಾ ಅವರ ಮಣ್ಣು ಸಗಣಿಯ ಎರಡು ಗಾಯಗಳಲ್ಲಿ ಒಂದು ಚೆನ್ನಾಗಿ ಕೂಡಿತ್ತು, ಇನ್ನೊಂದರಲ್ಲಿ ಮಣ್ಣು ಮಳೆಗೆ ತೊಳೆದು ಹೋಗಿ ಗಾಯ ಬಿರಿದಿತ್ತು. ಎರಡೇ ಗಾಯಗಳಿಂದ ಅವರ ಮದ್ದನ್ನು ಹೊಗಳಲೂ ತೆಗಳಲೂ ಬರುವುದಿಲ್ಲ. ನಾನು ಕೊಯ್ದ ಒಂಬತ್ತನೆಯ ಟೊಂಗೆ, ಉತ್ತರದ ಕಡೆಯದು, ಮತ್ತೆ ತುದಿಯಿಂದ ಎರಡು ಗೇಣು ಒಣಗಿದೆ. ಹಿಂಗಾರು ಮಳೆ ನಿಂತು ತೊಗಟೆ ಆರಿದೊಡನೆ ಕೊಯ್ಯಬೇಕೆಂದು ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಕಲ್ಲುಸುಣ್ಣವನ್ನು ಈ ಸಲ ಬಾಯಿ ಬಿಗಿಯಾದ ಡಬ್ಬಿಯಲ್ಲಿ ಇಟ್ಟಿದ್ದೇನೆ.